ಕರೆಂಟ್ ಬ್ರಶ್ಶೂ ಕಾಶೆವ್ವನ ಲಟ್ಟಣಿಗೆಯೂ

"ಮೂವತ್ತೆರಡೂ ಹಲ್ಲಿನ ಸಮೇತ ಸಮಾಧಿ ಸೇರಾಂವ ನಾ! ಒಂದು ಕಡಿಮಿ ಆದ್ರೂ ನನ್ನ ಹೆಸರು ರಾಚಪ್ಪ ಅಲ್ಲ!"

ಅರವತ್ತಮೂರನೇ ಇಸವಿಯಲ್ಲಿ ಮೂಡಲಗಿಯ ನಮ್ಮ ಪಡಸಾಲೆಯಲ್ಲಿ ನಿಂತು, ಓಣಿಗೆಲ್ಲ ಕೇಳುವಂತೆ ನಾನು ಮಾಡಿದ ಘೋಷಣೆ ಇದು. ಕಾರಣವಿತ್ತು. ಬೇವಿನ ಕಡ್ಡಿಯಿಂದ ತಿಕ್ಕಿದರೆ ರಕ್ತ. ಮುಂದಿನ ಹಲ್ಲೊಂದು ತೊಟ್ಟಿಲಂತೆ ತೂಗುತ್ತಿತ್ತು. ಘಟಪ್ರಭಾದ ಡಾಕ್ಟರು ಬಾಯೊಳಗೆ ಇಣುಕಿ, "ಒಸಡು ಸಡಲಾಗ್ಯಾವ್ರಿ ಸಾವ್ಕಾರ. ಹಿಂಗ ಬಿಟ್ರ ಹಲ್ಲು ಉಳಿಯೂದಿಲ್ಲ" ಎಂದಿದ್ದರು. ಹಲ್ಲಿಲ್ಲದವನಿಗೆ ಗೋಕಾಕದ ಕರದಂಟು ಯಾಕೆ? ಕರದಂಟು ಇಲ್ಲದ ಮೇಲೆ ಬದುಕಾದರೂ ಯಾಕೆ?

"ಉಪ್ಪು, ಅರಿಷಿಣ ಹಚ್ಚಿ ಬೆರಳಿಲೆ ಮೆತ್ತಗ ತಿಕ್ರಿ," ಎಂದಳು ಹೆಂಡತಿ ಕಾಶೆವ್ವ.

"ಬೆರಳಂತ ಬೆರಳು! ಆ ಕಾಲ ಹೋತು. ಇನ್ನ ಮ್ಯಾಲ ಕರೆಂಟ್ ಬ್ರಶ್ಶಿಲೆ ತಿಕ್ಕಾಂವ ನಾ!"

ಅವಳ ತಮ್ಮ ಅಣ್ಣಾಸಾಹೇಬ ಹಡಗಿನ ಮೇಲೆ ನೌಕರಿಗಿದ್ದವನು ಪರದೇಶದಿಂದ ಅದನ್ನು ತಂದುಕೊಟ್ಟಿದ್ದ. ಗುಂಡಿ ಒತ್ತಿದರೆ ಬ್ರಶ್ ತಾನೇ ಗರಗರ ಅಲುಗುತ್ತದೆ! ನಿಜ ಹೇಳಬೇಕೆಂದರೆ, ಹಿಡಿಯೊಳಗೆ ಇದ್ದದ್ದು ಬ್ಯಾಟರಿಯ ಎರಡು ಶೆಲ್ಲು ಮಾತ್ರ. ಆದರೆ ಶೆಲ್ಲಿನ ಬ್ರಶ್ ಎಂದರೆ ಯಾರು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ? ಹೆಂಡತಿಗೂ ಊರಿಗೂ "ಕರೆಂಟ್ ಬ್ರಶ್" ಎಂದೇ ಸಾರಿದೆ.

ನಮ್ಮ ಓಣಿಗೆ ಕರೆಂಟು ಬಂದು ಎಂಟೇ ದಿನವಾಗಿತ್ತು. ಲೈನ್‌ಮನ್ ಲಗಮಪ್ಪ ಮನೆಮನೆಗೆ ಹೋಗಿ ಪಾಠ ಹೇಳಿದ್ದ: "ಯಾರಿಗಾರ ಕರೆಂಟ್ ಹಿಡದ್ರ ಕೈಲೆ ಮುಟ್ಟಬ್ಯಾಡ್ರೆವ್ವಾ. ಮೊದಲ ಮೇನ್ ಸ್ವಿಚ್ ತಗೀರಿ. ಆದ್ರೂ ಬಿಡಲಿಲ್ಲಂದ್ರ ಒಣ ಕಟ್ಟಿಗಿಲೆ ಹೊಡದು ಬಿಡಸ್ರಿ." ಕಾಶೆವ್ವ ಅದನ್ನು ವಚನದಂತೆ ಬಾಯಿಪಾಠ ಮಾಡಿಕೊಂಡಿದ್ದಳು.

ಮರುದಿನ ಬೆಳಿಗ್ಗೆ ಬಚ್ಚಲುಮನೆಯಲ್ಲಿ ದೀಪ ಹಚ್ಚಿ ಬ್ರಶ್ಶಿನ ಪಟ್ಟಾಭಿಷೇಕ ನೆರವೇರಿಸಿದೆ. ಗುಂಡಿ ಒತ್ತಿದೆ. ಗರ್ರ್! ಕೈ ನಡುಗಿತು, ಗಲ್ಲ ನಡುಗಿತು, ಚಾಳೀಸು ಮೂಗಿನ ತುದಿಗೆ ಇಳಿಯಿತು. ಬಾಯಿತುಂಬ ನೊರೆ! ತೆಗೆದು ಬದಿಗಿಡಬಹುದಿತ್ತಲ್ಲ ಎನ್ನುತ್ತೀರಿ. ಎರಡು ನಿಮಿಷ ಹಿಡಿಯಬೇಕೆಂದು ಅಣ್ಣಾಸಾಹೇಬ ಹೇಳಿದ್ದ. ಅರ್ಧಕ್ಕೇ ಬಿಡುವ ಗಂಡಸು ನಾನಲ್ಲ!

ಅಷ್ಟರಲ್ಲಿ ಕಾಶೆವ್ವ ಬಾಗಿಲಿಗೆ ಬಂದಳು.

"ಅಯ್ಯ ನಮ್ಮಪ್ಪಾ! ಇವ್ರಿಗೆ ಕರೆಂಟ್ ಹಿಡದೈತಿ! ಶೆಟ್ಟೆವ್ವಾ, ಲಗೂನ ಬಂದು ಮೇನ್ ತಗಿಯವಾ!"

ಬಾಜೂ ಮನೆಯ ಶೆಟ್ಟೆವ್ವ ಓಡಿಬಂದು ಮೇನ್ ಎಳೆದಳು. ದೀಪ ಆರಿತು. ನಾನು ಗರ್ರ್ ಎನ್ನುತ್ತಲೇ ಇದ್ದೆ.

"ಮೇನ್ ತಗದ್ರೂ ಬಿಡವಲ್ದಲ್ಲವಾ!" ಶೆಟ್ಟೆವ್ವ ಬಾಯಿ ಬಾಯಿ ಬಡಿದುಕೊಂಡಳು. "ಮೈಯಾಗೆಲ್ಲಾ ತುಂಬಕೊಂಡೈತಿ!"

"ಶೆಲ್ಲಿಂದು! ಇದು ಶೆಲ್ಲಿಂದು!" ಎಂದು ಚೀರಿದೆ. ನೊರೆಯೊಳಗಿಂದ ಹೊರಟದ್ದು ಬರೀ ಗುಳುಗುಳು.

ಕಾಶೆವ್ವನ ಕಣ್ಣಲ್ಲಿ ನೀರು, ಕೈಯಲ್ಲಿ ಲಟ್ಟಣಿಗೆ! "ಬಸವಣ್ಣಾ, ನನ್ನ ಕುಂಕುಮ ಉಳಸಪ್ಪಾ!" ಎಂದವಳೇ ಕಣ್ಣು ಮುಚ್ಚಿ ಬೀಸಿದಳು. ಗುರಿ ಕೈಗೆ ಇಟ್ಟಿದ್ದಳಂತೆ. ಏಟು ಬ್ರಶ್ಶಿಗೆ ಬಿತ್ತು. ಬ್ರಶ್ ಹಾರಿ ನೀರಿನ ಹಂಡೆಯಲ್ಲಿ ಮುಳುಗಿತು. ಅದರ ಬೆನ್ನಿಗೇ ನನ್ನ ಮುಂದಿನ ಹಲ್ಲು ಬಚ್ಚಲುಗಲ್ಲಿನ ಮೇಲೆ ಟಣ್ ಎಂದಿತು.

"ಉಳದ್ರವಾ, ಉಳದ್ರು!" ಎಂದು ಕಾಶೆವ್ವ ನನ್ನನ್ನು ಹಿಡಿದುಕೊಂಡು ಗಳಗಳ ಅತ್ತಳು. ನನಗೂ ಅಳು ಬಂತು. ಅವಳದು ಗಂಡ ಉಳಿದದ್ದಕ್ಕೆ, ನನ್ನದು ಹಲ್ಲು ಹೋದದ್ದಕ್ಕೆ.

ಶೆಟ್ಟೆವ್ವ ಹಲ್ಲನ್ನು ಎತ್ತಿಕೊಟ್ಟು, "ಅಣ್ಣಾರ, ಒಂದು ಕಡಿಮಿ ಆತಲ್ರಿ. ಇನ್ನ ಮ್ಯಾಲ ಏನಂತ ಕರೀಬೇಕ್ರಿ ನಿಮ್ಮನ್ನ?" ಎಂದಳು.

ನಾನು ಬಗ್ಗುತ್ತೇನೆಯೇ? "ಇನ್ನೂ ಮೂವತ್ತೊಂದು ಅದಾವ! ಬ್ರಶ್ಶಿಂದು ಏನೂ ತಪ್ಪಿಲ್ಲ! ಶೆಲ್ಲು ಬದಲಿ ಮಾಡಿ ನಾಳಿಂದ ಮತ್ತ ತಿಕ್ಕಾಂವ!" ಎಂದು ಗುಡುಗಿದೆ. ಸಂದಿಯಿಂದ ಗಾಳಿ ಹೋಗಿ ಗುಡುಗು ಸಿಳ್ಳೆಯಾಯಿತು.

ಕಾಶೆವ್ವ ಕಣ್ಣೊರೆಸಿಕೊಂಡು, ಕರದಂಟಿನ ಸಣ್ಣ ತುಂಡೊಂದನ್ನು ಮುರಿದು ನನ್ನ ಕೈಗಿಟ್ಟಳು.

"ತಿಕ್ರಿ, ಬ್ಯಾಡಂದೋರ್ಯಾರು? ಲಟ್ಟಣಿಗಿ ಬಚ್ಚಲದಾಗ ಇಟ್ಟೇನಿ."

ಉಪ್ಪು-ಅರಿಷಿಣದ ಡಬ್ಬಿ ಎಲ್ಲಿದೆಯೆಂದು ನಾನೇ ಮೆಲ್ಲಗೆ ಕೇಳಿದೆ.