ಪುಕ್ಕಲಿಯ ಕೈಯಲ್ಲಿ ಪೆಪ್ಪರ್ ಸ್ಪ್ರೇ

ಕಣ್ಣಾಸ್ಪತ್ರೆಯ ರಿಸೆಪ್ಷನ್ನಿನಲ್ಲಿ ಕೂರುವ ಪುಕ್ಕಲಿ ಪೆಪ್ಪರ್ ಸ್ಪ್ರೇ ಕೊಂಡದ್ದು ಹೋದ ವಾರ. ಪುಕ್ಕಲಿ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಅಣ್ಣ ಇಟ್ಟದ್ದು. ಜಿರಲೆ ಕಂಡರೆ ಮಂಚ ಹತ್ತುತ್ತಿದ್ದವಳಿಗೆ ಅದೇ ಅಂಟಿಕೊಂಡುಬಿಟ್ಟಿತ್ತು. ಅವಳ ಬೀದಿಯ ದೀಪಗಳು ಕೆಟ್ಟು ಬಹಳ ದಿನವಾಗಿತ್ತು. ಆ ಕತ್ತಲಲ್ಲಿ ಯಾವನೋ ಕಳ್ಳ ಹೆಂಗಸೊಬ್ಬಳ ಕೈಚೀಲ ಕಿತ್ತುಕೊಂಡು ಓಡಿದ್ದ. ಅದಾದ ಮೇಲೆ ಅಂಗೈಯುದ್ದದ ಆ ಖಾರದ ಡಬ್ಬಿ ಅವಳ ಬ್ಯಾಗು ಸೇರಿತು. ಅದನ್ನು ಕಂಡ ಮನೆ ಓನರ್ ಆಂಟಿ, "ನಾನ್ಯಾರಿಗೂ ಹೇಳಲ್ಲ ಬಿಡಮ್ಮ" ಎಂದರು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು.

ಇದರಿಂದ ಭಯ ಹೋಗಬೇಕಿತ್ತು. ಹೋಗಲಿಲ್ಲ. ಮಾರನೆಯ ದಿನದಿಂದಲೇ ಅವಳ ಹಿಂದೆ ಹೆಜ್ಜೆ ಸಪ್ಪಳ ಶುರುವಾಯಿತು. ಬಸ್ಸಿಳಿದು ಬೀದಿಯ ತಿರುವಿಗೆ ಬಂದರೆ ಸಾಕು, ಹಿಂದಿನಿಂದ ಭಾರವಾದ ಬೂಟಿನ ಸದ್ದು. ಅವಳು ಬೇಗ ನಡೆದರೆ ಅದೂ ಬೇಗ, ಅವಳು ನಿಂತರೆ ಅದೂ ಗಪ್‌ಚಿಪ್. ತಿರುಗಿ ನೋಡುವ ಧೈರ್ಯವಿಲ್ಲ. ಮನೆ ಸೇರಿ ಚಿಲಕ ಹಾಕಿಕೊಂಡ ಮೇಲೂ ಅದನ್ನು ಮತ್ತೆ ಮತ್ತೆ ಎಳೆದು ನೋಡುತ್ತಿದ್ದಳು. ಇವತ್ತು ಆದದ್ದಾಗಲಿ, ತಿರುಗಿ ನಿಂತು ಹೊಡೆದೇ ಬಿಡುತ್ತೇನೆ ಎಂದು ಒಂದು ಬೆಳಿಗ್ಗೆ ಅವಳು ಗಟ್ಟಿ ಮನಸ್ಸು ಮಾಡಿದಳು. ಅಷ್ಟಕ್ಕೆ ಸುಮ್ಮನಿದ್ದರೆ ಚೆನ್ನಾಗಿತ್ತು. ಆಸ್ಪತ್ರೆಗೆ ಹೋಗಿ ನರ್ಸಕ್ಕನ ಕಿವಿಗೆ ಹಾಕಿದಳು.

"ಅದು ಕೆಲಸ ಮಾಡುತ್ತಾ ನೋಡಿದೀಯಾ?" ಎಂದಳು ನರ್ಸಕ್ಕ.

"ಇಲ್ಲಕ್ಕ."

"ಒಳ್ಳೆ ಹುಚ್ಚಿ. ಅವನೆದುರಿಗೆ ನಿಂತಾಗ ಠುಸ್ ಅಂದ್ರೆ ಏನ್ ಮಾಡ್ತೀಯ?"

ಪಕ್ಕದ ಕನ್ನಡಕ ಮಾರುವ ಕೌಂಟರಿನಲ್ಲಿ ಫ್ರೇಮು ಒರೆಸುತ್ತಿದ್ದ ಕನ್ನಡಕದವನು, ಯಾರೂ ಕರೆಯದಿದ್ದರೂ ಎದ್ದು ಬಂದ. "ಕೆಲಸ ಮಾಡೋದಲ್ಲ, ಎಷ್ಟು ದೂರ ಹೋಗುತ್ತೆ ಅನ್ನೋದು ಮುಖ್ಯ. ಬನ್ನಿ, ಟೆಸ್ಟ್ ಮಾಡೇ ಬಿಡೋಣ."

ಕಣ್ಣಾಸ್ಪತ್ರೆಯವರಿಗೆ ಟೆಸ್ಟು ಅಂದರೆ ಒಂದೇ. ಮೂವರೂ ಕಣ್ಣು ಪರೀಕ್ಷೆಯ ಕೋಣೆ ಹೊಕ್ಕು ಬಾಗಿಲು ಮುಚ್ಚಿಕೊಂಡರು. ಕಿಟಕಿಯಿಲ್ಲದ ಉದ್ದನೆಯ ಕೋಣೆ, ಒಂದು ತುದಿಯಲ್ಲಿ ಕುರ್ಚಿ, ಇನ್ನೊಂದು ತುದಿಯಲ್ಲಿ ಅಕ್ಷರದ ಬೋರ್ಡು. ಪುಕ್ಕಲಿಯನ್ನು ರೋಗಿಯ ಹಾಗೆ ಕೂರಿಸಿ, ಮೇಲಿನ ದೊಡ್ಡಕ್ಷರಕ್ಕೆ ಗುರಿಯಿಡಲು ಹೇಳಿದರು. ಅವಳು ಕಣ್ಣು ಮುಚ್ಚಿಕೊಂಡು ಒತ್ತಿದಳು. ಅದು ಗೋಡೆಯ ಗಡಿಯಾರಕ್ಕೆ ಬಿತ್ತು.

"ಕೊಡು ಇಲ್ಲಿ" ಎಂದು ನರ್ಸಕ್ಕ ಕಿತ್ತುಕೊಂಡು ಎರಡನೇ ಸಾಲಿಗೆ ಹೊಡೆದಳು. ಕನ್ನಡಕದವನಿಗೆ ತಡೆಯಲಾಗಲಿಲ್ಲ, ಮೂರನೇ ಸಾಲಿಗೆ ಹೊಡೆದ.

"ಅವನೇನಾದ್ರೂ ಕುಳ್ಳ ಇದ್ರೆ?" ನರ್ಸಕ್ಕನಿಗೆ ಅನುಮಾನ ಬಂತು.

ಅದೂ ಸರಿ ಅನ್ನಿಸಿ ಇಬ್ಬರೂ ಸರದಿಯ ಮೇಲೆ ಕೊನೆಯ ಸಾಲಿನ ಇರುವೆಯಂಥ ಅಕ್ಷರಗಳಿಗೆ ಹೊಡೆಯುತ್ತ ಹೋದರು. ಡಬ್ಬಿ ಒಮ್ಮೆ ನಿಟ್ಟುಸಿರು ಬಿಟ್ಟು ಸುಮ್ಮನಾಯಿತು.

ಮೂವರೂ ಮರೆತದ್ದು ಎಸಿಯನ್ನು. ಆ ಕೋಣೆಯ ಗಾಳಿಯೂ ಹೊರಗೆ ರೋಗಿಗಳು ಕೂತ ಹಾಲಿನ ಗಾಳಿಯೂ ಒಂದೇ ಕೊಳವೆಯಲ್ಲಿ ಓಡಾಡುತ್ತಿದ್ದವು. ಇವರು ಕೆಮ್ಮುತ್ತ ಹೊರಗೆ ಬೀಳುವಷ್ಟರಲ್ಲಿ ಹಾಲಿನಲ್ಲಿ ಸಾವಿನ ಮನೆಯಂತೆ ಎಲ್ಲರೂ ಕಣ್ಣೀರು ಸುರಿಸುತ್ತಿದ್ದರು. ಹನಿ ಹಾಕಿಸಿಕೊಂಡು ಕೂತಿದ್ದ ಮುದುಕರೊಬ್ಬರು, "ನಿಮ್ಮ ಔಷಧಿ ಭಾರೀ ಸ್ಟ್ರಾಂಗು ಕಣಮ್ಮ, ಕಣ್ಣಿಗೆ ಹಾಕಿದ್ದು ಗಂಟಲಲ್ಲಿ ಉರೀತಿದೆ" ಎಂದರು. ಡಾಕ್ಟರು ಹೊರಬಂದು ನೋಡಿದರೆ ಸಾಲುಸಾಲು ಕೆಂಪು ಕಣ್ಣು. "ಸಾಂಕ್ರಾಮಿಕ! ಯಾರೂ ಯಾರನ್ನೂ ಮುಟ್ಟಬೇಡಿ" ಎಂದು ಕೈಯೆತ್ತಿದವರು ಮಾತು ಮುಗಿಸುವ ಮುಂಚೆ ತಾವೇ ಏಳೆಂಟು ಸಲ ಸೀನಿದರು.

ನಿಜ ತಿಳಿದ ಮೇಲೆ ಕನ್ನಡಕದವನು ಫ್ರೇಮು ಒರೆಸುವುದರಲ್ಲಿ ಮುಳುಗಿಹೋದ. ಅಕ್ಷರದ ಬೋರ್ಡನ್ನು ಸೋಪು ಹಾಕಿ ತೊಳೆಯುವ ಶಿಕ್ಷೆ ಪುಕ್ಕಲಿಯ ಪಾಲಿಗೆ ಬಂತು. ಅವಳು ಹೊರಡುವಾಗ ಮಬ್ಬುಗತ್ತಲು. ನರ್ಸಕ್ಕ ಊದಿದ ಕಣ್ಣಲ್ಲೇ ಸಮಾಧಾನ ಹೇಳಿದಳು: "ಖಾಲಿ ಅಂತ ಅವನಿಗೇನು ಕನಸು ಬಿದ್ದಿರುತ್ತಾ? ಸುಮ್ನೆ ಕೈಯಲ್ಲಿ ಹಿಡ್ಕೊ."

ಬೀದಿಯ ತಿರುವಿನಲ್ಲಿ ಬೂಟಿನ ಸದ್ದು ಹಾಜರಾಯಿತು. ಇವತ್ತು ಅದರ ಹಿಂದೆ ಇನ್ನೂ ಹೆಜ್ಜೆಗಳಿದ್ದವು. ಗುಂಪು ಕಟ್ಟಿಕೊಂಡು ಬಂದಿದ್ದಾನೆ ಎಂದುಕೊಂಡಳು ಪುಕ್ಕಲಿ. ಓಡಲು ಕಾಲು ಏಳಲಿಲ್ಲ. ಬೇರೆ ದಾರಿಯಿಲ್ಲದೆ ತಿರುಗಿ ಡಬ್ಬಿ ಎತ್ತಿ ಹಿಡಿದಳು.

"ಹತ್ರ ಬಂದ್ರೆ ಹೊಡೀತೀನಿ."

ಎದುರಿಗೆ ಬಾಗಿಲಗಲದ ಆಸಾಮಿಯೊಬ್ಬ ಎರಡೂ ಕೈ ಮೇಲೆತ್ತಿ ನಿಂತಿದ್ದ. "ದಮ್ಮಯ್ಯ ಮೇಡಂ, ಹೊಡೀಬೇಡಿ. ಜಿಮ್ಮಲ್ಲಿ ಹುಡುಗರಿಗೆ ಕಸರತ್ತು ಹೇಳ್ಕೊಡೋನು ನಾನು. ಬೀದಿ ಕೊನೇಲಿ ಮನೆ."

"ಮತ್ತೆ ದಿನಾ ನನ್ನ ಹಿಂದೆ ಯಾಕೆ ಬರ್ತೀರಿ?"

"ಭಯ ಮೇಡಂ. ನಿಮ್ಹತ್ರ ಸ್ಪ್ರೇ ಇದೆ ಅಂತ ಓನರ್ ಆಂಟಿ ಹೇಳಿದ್ರು. ನಿಮ್ಮ ಹಿಂದೆ ಬಂದ್ರೆ ಧೈರ್ಯ."

ಅವನ ಬೆನ್ನ ಹಿಂದಿನಿಂದ ರಿಟೈರಾದ ಮೇಷ್ಟ್ರು, ಅವರ ಹೆಂಡತಿ ಇಣುಕಿದರು. ಅವರೂ ಇವತ್ತಿನಿಂದ ಸೇರಿಕೊಂಡವರು. ವಾರದ ಭಾರ ಇಳಿದು ಪುಕ್ಕಲಿಗೆ ಅಳು, ನಗು ಒಟ್ಟಿಗೆ ಬಂದವು. ಡಬ್ಬಿ ಖಾಲಿ ಎಂದು ಹೇಳಿಬಿಡೋಣವೆಂದು ಬಾಯಿ ತೆರೆದಳು.

"ನಿನ್ನ ಮನೆ ದಾಟಿದ್ಮೇಲೆ ಇವ್ನು ದಿನಾ ಜೀವ ಕೈಲಿ ಹಿಡ್ಕೊಂಡು ಓಡ್ತಾನಂತೆ" ಎಂದರು ಮೇಷ್ಟ್ರು. "ನಂಗೆ ಮಂಡಿನೋವು, ಓಡಕ್ಕಾಗಲ್ಲ. ನೀನೇ ಕೊನೇತನಕ ಬಂದು ಬಿಟ್ಬಿಡಮ್ಮ."

ಅವರ ಹೆಂಡತಿ ಅವಳ ಗಲ್ಲ ಸವರಿದರು. "ಎಂಥ ಧೈರ್ಯವಂತೆ ನೋಡ್ರೀ ನಮ್ಮ ಹುಡುಗಿ."

ಹುಟ್ಟಿದಾಗಿನಿಂದ ಪುಕ್ಕಲಿಗೆ ಯಾರೂ ಆ ಮಾತು ಹೇಳಿರಲಿಲ್ಲ. ತೆರೆದ ಬಾಯಿ ಮುಚ್ಚಿತು. ಅವಳು ಡಬ್ಬಿ ಹಿಡಿದು ಮುಂದೆ ನಡೆದಳು, ತನ್ನ ಮನೆಯ ಗೇಟನ್ನೂ ದಾಟಿದಳು, ಅರ್ಧ ಕಟ್ಟಿ ಬಿಟ್ಟ ಕಟ್ಟಡವನ್ನೂ ದಾಟಿದಳು. ಮೂವರು ಬೆನ್ನಿಗಿದ್ದುದರಿಂದ ಕತ್ತಲು ಕತ್ತಲೆನಿಸಲಿಲ್ಲ. ಮೇಷ್ಟ್ರ ಮನೆ ಬಂತು, ಚಿಲಕ ಬಿತ್ತು. ಕಟ್ಟಕಡೆಗೆ ಜಿಮ್ಮಿನವನು, "ನಾಳೆಯೂ ಇದೇ ಟೈಮಿಗಾ ಮೇಡಂ?" ಎಂದು ಕೇಳಿ, ಒಳಗೆ ಹೋಗಿ ಕಿಟಕಿಯನ್ನೂ ಭದ್ರ ಮಾಡಿಕೊಂಡ.

ಆಗ ಪುಕ್ಕಲಿಗೆ ಹೊಳೆಯಿತು. ವಾಪಸು ಹೋಗಬೇಕು. ಇಡೀ ಬೀದಿ ಕತ್ತಲಾಗಿ ಎದುರಿಗೆ ಬಿದ್ದಿತ್ತು. ಅವಳು ಖಾಲಿ ಡಬ್ಬಿಯನ್ನು ಎದೆಗವುಚಿಕೊಂಡು ನಾಲ್ಕು ಹೆಜ್ಜೆ ಇಟ್ಟು ನಿಂತಳು, ಕಿವಿಗೊಟ್ಟಳು. ಹಿಂದೆ ಬೂಟಿನ ಸದ್ದಿರಲಿಲ್ಲ. ಜೀವಮಾನದಲ್ಲಿ ಅವಳು ಅಷ್ಟು ಹೆದರಿದ್ದೇ ಇಲ್ಲ.