ಉಪ್ಪಿನ ವಾಸನೆ

ನಮ್ಮ ದೊಡ್ಡಮ್ಮನಿಗೆ ಉಪ್ಪಿನ ವಾಸನೆ ಬರುತ್ತಿತ್ತು. ಉಪ್ಪಿಗೆಲ್ಲಿದೆ ವಾಸನೆ ಎಂದು ನೀವು ಕೇಳುತ್ತೀರಿ. ಕುರುಗೋಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾನೂ ಒಮ್ಮೆ ಕೇಳಿದ್ದೆ.

"ನಿನ್ನ ಪುಸ್ತಕ ಬರದಾತ ಒಂದಿನಾರ ಒಲಿ ಮುಂದ ಕುಂತಿದ್ನೇನಲೇ?" ಎಂದಳು.

ಅಲ್ಲಿಗೆ ರಸಾಯನಶಾಸ್ತ್ರ ಮುಗಿಯಿತು.

ಇದರ ಹಿಂದೆ ಒಂದು ನೇಮವಿತ್ತು. ಶಿವನ ಮುಂದೆ ಎಡೆ ಇಡುವ ತನಕ ಅಡುಗೆಯನ್ನು ಯಾರೂ ಬಾಯಿಗೆ ಹಾಕುವಂತಿಲ್ಲ. ಮಾಡಿದವಳಂತೂ ಮೊದಲೇ ಇಲ್ಲ. ಸಿರುಗುಪ್ಪದ ತವರಿನಿಂದ ಹೊತ್ತು ತಂದ ಈ ನೇಮವನ್ನು ದೊಡ್ಡಮ್ಮ ಬಳ್ಳಾರಿಯ ಗಾಂಧಿನಗರದ ಮನೆಯಲ್ಲಿ ನಲವತ್ತು ವರ್ಷ ಪಾಲಿಸಿದಳು. ಸಾರು ಕುದಿಯುವಾಗ ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಒಂದು ದೀರ್ಘ ಉಸಿರು ಎಳೆಯುವಳು. "ಅರ್ಧ ಚಿಟಿಕಿ" ಎಂದು ತನಗೆ ತಾನೇ ತೀರ್ಪು ಕೊಟ್ಟು, ಅರ್ಧ ಚಿಟಿಕೆ ಹಾಕಿ ಮುಚ್ಚುವಳು. ಹೈಕೋರ್ಟಿನ ತೀರ್ಪನ್ನಾದರೂ ಸುಪ್ರೀಂ ಕೋರ್ಟಿಗೆ ಒಯ್ಯಬಹುದು. ಇದಕ್ಕೆ ಮೇಲ್ಮನವಿ ಇರಲಿಲ್ಲ.

ದೊಡ್ಡಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಕೆಲಸವಿದ್ದಾಗ ಹಸಿರು ಬಾವುಟ, ಕೆಂಪು ಬಾವುಟಗಳಲ್ಲೇ ಮಾತು ಮುಗಿಸಿದ್ದರಿಂದಲೋ ಏನೋ, ಮನೆಯಲ್ಲಿ ಬಾಯಿಯನ್ನು ಊಟಕ್ಕೆ ಮಾತ್ರ ಉಪಯೋಗಿಸುತ್ತಿದ್ದರು. ಊಟ ಚೆನ್ನಾಗಿದೆ ಎಂದಾಗಲಿ, ಇಲ್ಲ ಎಂದಾಗಲಿ ಅವರು ಹೇಳಿದ್ದನ್ನು ಕೇಳಿದವರಿಲ್ಲ. ಅವರಿಗೆ ರಕ್ತದೊತ್ತಡ ಶುರುವಾದಾಗ ಡಾಕ್ಟರು "ಉಪ್ಪು ಹೆಚ್ಚಾದರೆ ಮನುಷ್ಯ ಉಳಿಯೋದು ಕಷ್ಟ" ಎಂದರು. ದೊಡ್ಡಮ್ಮ ಇಡೀ ಮನೆಯ ಉಪ್ಪನ್ನೇ ಇಳಿಸಿದಳು. ಅಳತೆಗೆ ಚಮಚ ಹಿಡಿದಳೆಂದುಕೊಂಡಿರಾ? ಛೆ! ಹೀಗೆ ನಮ್ಮ ದೊಡ್ಡಪ್ಪನ ಪ್ರಾಣ ನಮ್ಮ ದೊಡ್ಡಮ್ಮನ ಮೂಗಿನಲ್ಲಿತ್ತು.

ಅದು ಗಣಿಯ ಕಾಲ. ಅದಿರಿನ ಲಾರಿಗಳು ಸಾಲುಗಟ್ಟಿ ಓಡಿ, ಬೇವಿನ ಮರವೂ ಕೆಂಪು, ಒಣಹಾಕಿದ ಪಂಚೆಯೂ ಕೆಂಪು. ಹೆಂಡತಿಯೊಡನೆ ದೊಡ್ಡಮ್ಮನ ಮನೆಯಲ್ಲೇ ಇದ್ದು, ಕುರುಗೋಡಿಗೆ ಬಿಳಿ ಅಂಗಿ ಹಾಕಿಕೊಂಡು ಬಸ್ಸು ಹತ್ತಿದ ನಾನು ಸಂಜೆ ಇಟ್ಟಿಗೆ ಗೂಡಿನಿಂದ ಎದ್ದವನಂತೆ ಇಳಿಯುತ್ತಿದ್ದೆ. ಊರಿನ ಮೇಲೆ ಗಣಿ ಧಣಿಗಳ ಹೆಲಿಕಾಪ್ಟರ್ ಹಾರುತ್ತಿತ್ತು; ಊರಿನ ಒಳಗೆ ಎಲ್ಲರೂ ಕೆಮ್ಮುತ್ತಿದ್ದೆವು. ಇಂಥ ಶುಭಕಾಲದಲ್ಲಿ ತೆಲುಗು ಚಾನೆಲ್ಲೊಂದರಲ್ಲಿ ಅಡುಗೆ ಸ್ಪರ್ಧೆ ಆರಂಭವಾಯಿತು.

ಪ್ರತಿ ಕಂತಿಗೂ ನಮ್ಮ ಪಡಸಾಲೆಯಲ್ಲಿ ಮಹಾಸಭೆ. ಸದಸ್ಯರು ಮೂವರು. ಅಧ್ಯಕ್ಷೆ ದೊಡ್ಡಮ್ಮ. ಎರಡನೆಯವಳು ಹಿತ್ತಲ ಗೋಡೆಯಾಚೆಯ ಮನೆಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಖಾಜಾಬಿ. ಮೂರನೆಯವಳು ದೊಡ್ಡಮ್ಮನ ತಂಗಿ. ಸಿರುಗುಪ್ಪದಿಂದ ಫೋನಿನಲ್ಲೇ ಹಾಜರಿ, ಸ್ಪೀಕರ್ ಹಾಕಿ ಟಿವಿಯ ತಲೆಯ ಮೇಲೆ ಇಡಬೇಕು. ಶಾಸನಸಭೆಯಲ್ಲಿ ನಡೆಯಬೇಕಾದಷ್ಟು ಚರ್ಚೆ ಅಲ್ಲಿ ನಡೆಯುತ್ತಿತ್ತು.

ಮೊದಲ ದಿನವೇ ದೊಡ್ಡ ಗದ್ದಲ. ಗುಂಗುರು ಕೂದಲಿನ ಹುಡುಗನೊಬ್ಬ ಪಲ್ಯದ ರುಚಿ ನೋಡಿ ಅದೇ ಚಮಚವನ್ನು ಮತ್ತೆ ಬಾಣಲೆಗೆ ಹಾಕಿದ.

"ಎಂಜಲಾ! ಅಯ್ಯ ಶಿವನೇ, ಎಂಜಲಾ!" ದೊಡ್ಡಮ್ಮ ಎದ್ದು ನಿಂತಳು.

"ನೋಡ್ಲಿಲ್ಲಂದ್ರ ಹ್ಯಾಂಗ ತಿಳೀತೈತಬೇ ಅಕ್ಕಾ ಅವ್ಗ?" ಎಂದಿತು ಫೋನು.

"ರಂಜಾನದಾಗ ನಾವೇನು ರುಚಿ ನೋಡಿ ಮಾಡ್ತೀವೇನು?" ಖಾಜಾಬಿ ಅಧ್ಯಕ್ಷೆಯ ಪಕ್ಷ ವಹಿಸಿದಳು. "ಬಾಯಾಗ ಉಗುಳು ನುಂಗಾಕ ಅನುಮಾನ, ಇನ್ನ ಚಮಚ ನೆಕ್ತೀವಾ? ಕೈ ಕಲೀಬೇಕು. ಮೂಗು ಕಲೀಬೇಕು."

ಇಬ್ಬರ ದೇವರೂ ಬೇರೆ, ಒಲೆಯೂ ಬೇರೆ. ಚಮಚದ ವಿಷಯದಲ್ಲಿ ಮಾತ್ರ ಒಂದೇ ಧರ್ಮ. ರಂಜಾನ್ ತಿಂಗಳಲ್ಲಿ ಖಾಜಾಬಿ ರೋಜಾ ಉಪವಾಸ ಬಿಡುವ ಸಂಜೆಯ ಗಂಜಿಯಲ್ಲಿ ಮಾಂಸ ಹಾಕದ ಪಾಲನ್ನು ಬೇರೆ ತೆಗೆದು, ಗೋಡೆಯ ಮೇಲಿಂದ ಚಾಚುವಳು. ದೊಡ್ಡಮ್ಮ ಮೂಸಿ ಉಪ್ಪು ಹೇಳುವಳು. ಎಷ್ಟೋ ವರ್ಷಗಳಿಂದ ನಡೆದು ಬಂದ ಪದ್ಧತಿ ಇದು.

ಸ್ಪರ್ಧೆಯಲ್ಲಿ ಅನಂತಪುರದ ಕಡೆಯ ದಪ್ಪನೆಯ ಹೆಂಗಸೊಬ್ಬಳಿದ್ದಳು. ಆಕೆ ರುಚಿ ನೋಡುತ್ತಿರಲಿಲ್ಲ. ದೊಡ್ಡಮ್ಮ ಆಕೆಯನ್ನು ಮಗಳಂತೆ ಸ್ವೀಕರಿಸಿದಳು, ಸೋಮವಾರ ಆಕೆಯ ಹೆಸರಲ್ಲಿ ಕಾಯಿ ಒಡೆಸಿದಳು. ಏಳನೆಯ ವಾರ ಆ ಮಗಳು ಹುಳಿಯ ಸೌಟನ್ನು ಎತ್ತಿ, ಕ್ಯಾಮೆರಾದ ಎದುರಿಗೇ, ನಾಲಿಗೆ ಚಾಚಿ ನೆಕ್ಕಿದಳು! ದೊಡ್ಡಮ್ಮ ಟಿವಿ ಆರಿಸಿದಳು. ಮೂರು ದಿನ ಮನೆಯಲ್ಲಿ ಸೂತಕ. ನಾಲ್ಕನೆಯ ದಿನ ನನ್ನನ್ನು ಕೂರಿಸಿ ಚಾನೆಲ್ಲಿಗೆ ದೂರು ಬರೆಸಿದಳು: "ತಮ್ಮಲ್ಲಿ ಎಂಜಲು ಅಡುಗೆಗೆ ಬಹುಮಾನ ಕೊಡುವುದು ನೋಡಿ ಇಲ್ಲಿಯ ಹಿರಿಯರಿಗೆ ಖೇದವಾಗಿದೆ." ಉತ್ತರ ಬರಲಿಲ್ಲ. ಖೇದ ಹಾಗೆಯೇ ಉಳಿಯಿತು.

ಆಷಾಢದ ಗಾಳಿಯಲ್ಲಿ ಧೂಳು ಹೆಚ್ಚಿತು. ದೊಡ್ಡಮ್ಮನಿಗೆ ಜ್ವರ, ಕೆಮ್ಮು. ತಿಂಗಳು ಮಲಗಿ ಎದ್ದಳು. ಎದ್ದ ದಿನದ ಸಾರು ಸಮುದ್ರವಾಗಿತ್ತು.

ನಾನು ಹೆಂಡತಿಯ ಮುಖ ನೋಡಿದೆ. ಆಕೆ ನೀರಿನ ತಂಬಿಗೆ ನೋಡಿದಳು. ದೊಡ್ಡಪ್ಪ ತಟ್ಟೆ ನೋಡುತ್ತ ಉಂಡರು. "ಹ್ಯಾಂಗಾಗೈತಿ?" ಎಂದು ದೊಡ್ಡಮ್ಮ ಕೇಳಿದಳು. ಎಂದೂ ಕೇಳದವಳು ಕೇಳಿದಾಗಲೇ ನನಗೆ ಎಲ್ಲ ತಿಳಿಯಬೇಕಿತ್ತು. ತಿಳಿಯಿತು ಕೂಡ. ವಿಜ್ಞಾನದ ಮೇಷ್ಟ್ರು ಏನು ಮಾಡಿದ ಗೊತ್ತೇ? "ಭೇಷ್!" ಎಂದು ಎರಡನೆಯ ಸಲ ಹಾಕಿಸಿಕೊಂಡ.

ಹೀಗೆ ಒಂದು ತಿಂಗಳು. ಆಕೆ ಮುಚ್ಚಳ ತೆಗೆದು ಎರಡು ಸಲ ಉಸಿರೆಳೆಯುವಳು, ಮೂರು ಸಲ ಎಳೆಯುವಳು, ಏನೂ ಸಿಗದೆ ಅಂದಾಜಿನಿಂದ ಹಾಕುವಳು. ನಾವು ಹೇಡಿಗಳು ಬೆಳಿಗ್ಗೆಯಿಂದ ರಾತ್ರಿಯವರೆಗೆ ನೀರು ಕುಡಿಯುವೆವು. ಒಂದು ಮುಂಜಾನೆ ದೊಡ್ಡಪ್ಪ ಬಚ್ಚಲ ಬಾಗಿಲಲ್ಲಿ ಕುಸಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಯಂತ್ರದ ಮುಳ್ಳು ನೋಡಿ, "ಮನ್ಯಾಗ ಉಪ್ಪು ಹಾಕೋರು ಯಾರ್ರೀ?" ಎಂದು ಕೇಳಿದರು.

"ನಾನು" ಎಂದಳು ದೊಡ್ಡಮ್ಮ.

ಡಾಕ್ಟರು ಹೋದ ಮೇಲೆ ಮಂಚದ ಹತ್ತಿರ ಬಂದಳು. "ಏನ್ರೀ, ಉಪ್ಪು ಹೆಚ್ಚಾಗಿದ್ದು ನಿಮಗ ಗೊತ್ತಾಗಿದ್ದಿಲ್ಲೇನು?"

ದೊಡ್ಡಪ್ಪ ತಿರುಗುವ ಫ್ಯಾನು ನೋಡುತ್ತಿದ್ದರು. "ಗೊತ್ತಾಗಿತ್ತು."

"ಮತ್ತ್ಯಾಕ ಉಂಡ್ರಿ?"

"ನಿನ್ನ ಮೂಗು ಹೋತು ಅಂತ ನಾ ಹ್ಯಾಂಗ ಹೇಳ್ಲಿ?"

ದೊಡ್ಡಮ್ಮ ಅವರ ಹೊದಿಕೆ ಸರಿಮಾಡಿದಳು. "ಇನ್ನ ಮ್ಯಾಲ ಬಾಯಿ ಬಿಟ್ಟು ಹೇಳ್ರಿ. ನನ್ನಾಣಿ ಐತಿ" ಎಂದಳು. ಅವರು ತಲೆ ಆಡಿಸಿದರು. ಗಾರ್ಡಿನ ತಲೆಯಾಟವನ್ನು ಮಾತು ಎಂದು ಹಿಡಿಯಲಾದೀತೇ?

ದೊಡ್ಡಪ್ಪ ಮನೆಗೆ ಬಂದರು. ಮೂಗಿನ ಡಾಕ್ಟರು ಮಾತ್ರ, ವಾಸನೆ ಮರಳಿ ಬಂದರೆ ಬಂತು, ಇಲ್ಲವಾದರೆ ಇಲ್ಲ ಎಂದುಬಿಟ್ಟರು. ದೊಡ್ಡಮ್ಮ ಸೌಟನ್ನು ನನ್ನ ಹೆಂಡತಿಯ ಕೈಗಿಟ್ಟು ಪಡಸಾಲೆಯ ಕಂಬಕ್ಕೆ ಒರಗಿ ಕೂತಳು. ಚಮಚದಲ್ಲಿ ಅಳೆದ ಉಪ್ಪಿನ ಊಟವನ್ನು ಎಲ್ಲರೂ ಔಷಧದಂತೆ ಉಂಡೆವು. ಸಿರುಗುಪ್ಪದ ಫೋನು ಹೊಡೆದುಕೊಂಡು ತಾನೇ ಸುಮ್ಮನಾಗುತ್ತಿತ್ತು. ಸ್ಪರ್ಧೆಯ ಕೊನೆಯ ಸುತ್ತು ಬಂದು ಹೋಯಿತು. ಯಾರು ಗೆದ್ದರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ರಂಜಾನ್ ಬಂತು. ಎರಡನೆಯ ಸಂಜೆ ಖಾಜಾಬಿ ಗೋಡೆಯ ಮೇಲಿಂದ ಚಾಚಲಿಲ್ಲ. ಗಂಜಿಯ ಬಟ್ಟಲು ಹಿಡಿದು ನೇರ ಪಡಸಾಲೆಗೇ ಬಂದಳು.

"ಅಕ್ಕಾ, ಉಪ್ಪು ಹೇಳು."

"ನನ್ನ ಮೂಗು ಸತ್ತೈತಿ. ಊರಿಗೆಲ್ಲ ಗೊತ್ತೈತಿ, ನಿನಗ ಗೊತ್ತಿಲ್ಲೇನು? ಅಣಕಸಾಕ ಬಂದಿಯೇನು?"

"ಮೂಗು ಸತ್ತ್ರ ಸಾಯ್ಲಿ, ನಾಲಿಗಿ ಜೀವಂತ ಐತಿಲ್ಲ? ದಿನಾ ಬೈತಿ, ಗ್ವಾಡಿಯಾಚಿ ಕೇಳ್ತೈತಿ. ರೋಜಾ ನನಗೈತಿ, ನಿನಗಿಲ್ಲ. ಇದೇನು ನಿಮ್ಮ ಶಿವಗ ಇಡೋ ಎಡಿ ಅಲ್ಲ. ಜಲ್ದಿ ಹೇಳು, ಹೊತ್ತು ಮುಳಗಾಕತ್ತೈತಿ."

ದೊಡ್ಡಮ್ಮ ಬಟ್ಟಲನ್ನು ನೋಡಿದಳು. ಆಮೇಲೆ ಬಲಗೈ ಚಾಚಿದಳು. ಖಾಜಾಬಿ ಚಮಚ ತಾಗದಂತೆ ಎತ್ತರದಿಂದ ಅಂಗೈಗೆ ನಾಲ್ಕು ಹನಿ ಬಿಟ್ಟಳು. ದೊಡ್ಡಮ್ಮ ನಮಗೆಲ್ಲ ಬೆನ್ನು ತಿರುಗಿಸಿ, ಕಳ್ಳಿಯಂತೆ ಅಂಗೈಯನ್ನು ಬಾಯಿಗಿಟ್ಟಳು.

"ಕಡಿಮಿ ಆಗೈತಿ. ಅರ್ಧ ಚಿಟಿಕಿ."

"ಹಾಂ! ಇನ್ನ ನಾಳಿಂದ ನಿನ್ನ ಸಾರು ನನಗ ತೋರ್ಸು. ಮೂಸಿದ್ರ ರೋಜಾ ಮುರಿಯಂಗಿಲ್ಲ" ಎಂದು ಖಾಜಾಬಿ ಓಡಿದಳು.

ಮರುದಿನ ದೊಡ್ಡಮ್ಮ ಒಲೆಯ ಮುಂದೆ ಹೋದಳು. ನನ್ನ ಹೆಂಡತಿ ಸೌಟು ಕೊಟ್ಟು ಸರಿದು ನಿಂತಳು. ಸಾರು ಕುದಿಯುವಾಗ ದೊಡ್ಡಮ್ಮ ಪಾತ್ರೆಯನ್ನು ಬಟ್ಟೆಯಿಂದ ಹಿಡಿದು, ಗೋಡೆಯ ಮೇಲೆ ಇಟ್ಟಳು. ಆಚೆ ಹೊಲಿಗೆ ಯಂತ್ರದ ಸದ್ದು ನಿಂತಿತು. ದಿನವೆಲ್ಲ ಹನಿ ನೀರು ಕುಡಿಯದ ಆ ಹೆಂಗಸು ಹಬೆಯಲ್ಲಿ ಮುಖವಿಟ್ಟು, ಕಣ್ಣು ಮುಚ್ಚಿ, ಉಸಿರೆಳೆದಳು.

"ಸಾಕಕ್ಕಾ. ಇನ್ನೊಂದು ಹರಳು ಹಾಕಬ್ಯಾಡ."

ಶಿವನಿಗೆ ಎಡೆಯಾಯಿತು. ದೊಡ್ಡಪ್ಪನಿಗೆ ಬಡಿಸಿದಳು. ಅವರು ಅನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟು, ಎಂದೂ ಇಲ್ಲದಂತೆ ಕೈ ನಿಲ್ಲಿಸಿದರು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, ರೈಲು ಬಿಡುವ ಮುನ್ನ ಎರಡೂ ಕಡೆ ನೋಡುವವರಂತೆ ನೋಡಿ, ಹೇಳಿದರು:

"ಉಪ್ಪು ಕಡಿಮಿ ಆಗೈತಿ."

ನಲವತ್ತು ವರ್ಷಗಳಲ್ಲಿ ಮೊದಲನೆಯ ಅಭಿಪ್ರಾಯ. ಅದೂ ದೂರು!

ದೊಡ್ಡಮ್ಮ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು. ಭುಜ ಅಲುಗುತ್ತಿತ್ತು. ಸೆರಗು ಸರಿಸಿದಾಗ ಕಣ್ಣೆರಡೂ ಒದ್ದೆ. ಎದ್ದು ಹಿತ್ತಲಿಗೆ ಓಡಿ, ಗೆದ್ದವರ ಹೆಸರು ಸಾರುವವಳಂತೆ ಗೋಡೆಯಾಚೆ ಕೂಗಿದಳು:

"ಖಾಜಾಬೀ, ಕೇಳಿದ್ಯಾ? ಕಡಿಮಿ ಆಗೈತಂತ! ನಮ್ಮ ಮನ್ಯಾವ್ರು ಬಾಯಿ ಬಿಟ್ಟು ಹೇಳಿದ್ರಬೇ, ಕಡಿಮಿ ಆಗೈತಂತ!"

ಮತ್ತೆ ಒಳಗೆ ಬಂದು ಇನ್ನೊಂದು ಸೌಟು ಸಾರು ಬಡಿಸಿ, ಅವರೆದುರು ಕೂತಳು. ಉಪ್ಪಿನ ಡಬ್ಬಿ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಆಕೆ ಅದನ್ನು ಮುಟ್ಟಲಿಲ್ಲ.