ಭಾವನ ಎದೆಗೊಂದು ಬದಲಿ ಆಳು

ನಮ್ಮ ಭಾವನಂಥ ಹಟಮಾರಿ ಗಜೇಂದ್ರಗಡದಲ್ಲಿ ಇನ್ನೊಬ್ಬರಿದ್ದರೆ ನನ್ನ ಮೀಸೆ ಬೋಳಿಸಿಕೊಳ್ಳುತ್ತೇನೆ. ನನಗೆ ಮೀಸೆಯೇ ಇಲ್ಲ, ಆ ಮಾತು ಬೇರೆ!

ಭಾವ ಅಂದರೆ ನಮ್ಮ ಅಕ್ಕನ ಗಂಡ, ಕೈಮಗ್ಗದ ನೇಕಾರ. ಅರ್ಧ ನೇಯ್ದ ಸೀರೆಗೆ ಬೇರೆಯವರ ಕೈ ಹಚ್ಚಗೊಡುವವರಲ್ಲ. ಎಳೆ ಬಿಗಿಯಲು ಒಬ್ಬೊಬ್ಬರು ಹಾಕುವ ಹೊಡೆತ ಒಂದೊಂದು ಥರ, ಆಳು ಬದಲಾದ ಕಡೆ ಸೀರೆಯಲ್ಲಿ ಪಟ್ಟಿ ಬೀಳುತ್ತದೆ ಅನ್ನುವುದು ಅವರ ವೇದ. ಒಮ್ಮೆ ಅವರು ಊಟಕ್ಕೆದ್ದಾಗ ನಾನು ಕದ್ದು ಕೂತು ನಾಲ್ಕೇ ನಾಲ್ಕು ಎಳೆ ನೇಯ್ದಿದ್ದೆ. ಬಂದವರೇ ಬೆರಳಾಡಿಸಿ, "ಇಲ್ಲೆ ಯಾವ ಎಮ್ಮಿ ತುಳದೈತಿ?" ಅಂದರು. ಊರಿಗೆಲ್ಲ ಟೋಪಿ ಹಾಕಿದ ನಾನು ಸಿಕ್ಕಿಬಿದ್ದದ್ದು ಅದೊಂದೇ ಸಲ!

ಹೋದ ವರ್ಷ ಭಾವನ ಹೃದಯ ದಣಿಯಿತು. ಹುಬ್ಬಳ್ಳಿಗೆ ಒಯ್ದೆವು. ಹೃದಯಕ್ಕೆ ಬಿಡುವು ಬೇಕು, ಹೆಗಲ ಹತ್ತಿರ ಕೊಯ್ದು ರಕ್ತನಾಳದೊಳಗಿಂದ ಹೃದಯದೊಳಕ್ಕೆ ಪೆನ್ಸಿಲ್ಲಿನಷ್ಟು ದಪ್ಪದ ಪಂಪು ಇಳಿಸುತ್ತೇವೆ, ನಾಲ್ಕಾರು ದಿನ ಅದು ರಕ್ತ ದೂಡಲಿ, ಆಮೇಲೆ ತೆಗೆಯುತ್ತೇವೆ ಅಂದರು ಡಾಕ್ಟರು. ಇಲ್ಲದಿದ್ದರೆ ವಾರ ದಾಟುವುದು ಕಷ್ಟ.

"ಬ್ಯಾಡ್ರಿ," ಅಂದರು ಭಾವ. "ನನ್ನ ಮಗ್ಗದ ಮ್ಯಾಲ ಇನ್ನೊಬ್ಬ ಕುಂದರೂದ?"

ಅಕ್ಕ ಅತ್ತಳು. ಡಾಕ್ಟರು ಚಿತ್ರ ಬರೆದು ತೋರಿಸಿದರು. ಭಾವ ಗೋಡೆಗೆ ಮುಖ ಮಾಡಿ ಮಲಗಿದರು. ನನ್ನಂಥ ಸುಳ್ಳುಗಾರ ಇಂಥ ಹೊತ್ತಿಗಲ್ಲದೆ ಇನ್ಯಾವಾಗ ಉಪಯೋಗಕ್ಕೆ ಬರಬೇಕು?

"ಭಾವಾ, ಪಂಪು ಮಗ್ಗದ ಮ್ಯಾಲ ಕುಂದರೂದಿಲ್ರಿ. ಬಾಜೂಕ ಕುಂತು ನೂಲಿನ ಕಂಡಿಕಿ ಸುತ್ತಿಕೊಡತೈತಿ, ಅಷ್ಟ. ನೇಯಾವ್ರು ನೀವ."

"ನಿಮ್ಮಕ್ಕ ಸುತ್ತಿಕೊಟ್ಟಂಗ?"

"ಥೇಟ್ ಹಂಗರಿ. ಆದ್ರ ಬಯ್ಯೂದಿಲ್ಲ!"

ತಕ್ಷಣ ಸಹಿ ಬಿತ್ತು!

ಪಂಪು ಕೂತ ಮರುದಿನವೇ ತಕರಾರು ಶುರು. "ಎಂಥಾ ಆಳು ತಂದೀಯೋ? ಹೊಡತಾನ ಇಲ್ಲ, ಬರೇ ಗುಂಯ್ ಅಂತೈತಿ. ಲಗೂ ಅದರ ಊರಿಗೆ ಕಳಸೋ!"

ಐದನೆಯ ದಿನ ಪಂಪಿನ ವೇಗ ಹಂತ ಹಂತವಾಗಿ ಇಳಿಸತೊಡಗಿದರು. ಇನ್ನು ಭಾವನ ಹೃದಯ ತಾನೇ ದುಡಿಯಬೇಕು. ದುಡಿಯದಿದ್ದರೆ? ಭಾವ ನನ್ನ ಕೈ ಹಿಡಿದುಕೊಂಡರು.

"ಲೇ, ಒಂದ್ ಸುಳ್ಳರ ಹೇಳೋ."

ಅರವತ್ತು ವರ್ಷದ ದಾಸ್ತಾನೆಲ್ಲ ತಡಕಾಡಿದೆ. ಒಂದೂ ಸಿಗಲಿಲ್ಲ.

"ಭಾವಾ," ಅಂದೆ, "ನನಗ ಭಾಳ ಅಂಜಿಕಿ ಆಗೇತ್ರಿ."

ವೇಗ ಕಡೆಯ ಹಂತಕ್ಕೂ ಇಳಿಯಿತು. ಪರದೆಯ ಮೇಲಿನ ಗೆರೆ ಏರಿಳಿಯುತ್ತಲೇ ಇತ್ತು. ಡಾಕ್ಟರು ನಕ್ಕು, ನಾಳೆ ತೆಗೆಯೋಣ ಅಂದರು.

ಭಾವ ನನ್ನ ಕೈ ಬಿಟ್ಟಿರಲಿಲ್ಲ.

"ಅಂಜಬ್ಯಾಡೋ ತಮ್ಮಾ," ಅಂದರು. "ನಾ ಅದೀನಿ."